ಗಂಟುಮುಖ

ಕೌಲ್ ಬಜಾರಿನ ನಮ್ಮ ಜೀನ್ಸ್ ಶೆಡ್ಡಿಗೆ
ಹೈದರಾಬಾದಿನಿಂದ ಬುಟ್ಟಿಯಲ್ಲಿ ಬಂತು ಬೆಕ್ಕು.
ಇಲಿಗಳು ಬಟ್ಟೆಯ ಥಾನು ಕಡಿಯುತ್ತಿದ್ದವು, ಅದಕ್ಕೆ.
ಮಾಲೀಕ ಖಾದರಬಾಷಾ ಮುಚ್ಚಳ ತೆಗೆದರೆ
ಒಳಗಿಂದ ನೋಡಿದ್ದು ಬೆಕ್ಕಲ್ಲ,
ಬಾಕಿ ವಸೂಲಿಗೆ ಬಂದ ಯಾರೋ ದೊಡ್ಡ ಮನುಷ್ಯ.

ಚಿಂದಿ ತೂಗುವ ತಕ್ಕಡಿಯಲ್ಲಿ ಕೂರಿಸಿದೆವು:
ಒಂಬತ್ತು ಕಿಲೋ, ಬಾಲ ಹೊರಗೆ ಬಿಟ್ಟು.
ಕುತ್ತಿಗೆಗೆ ಕಂಬಳಿ ಹೊದ್ದಂಥ ಕೂದಲು,
ಕಿವಿಯ ತುದಿಗೆ ಕುಚ್ಚು, ಚೌಕ ಗದ್ದ, ಇಳಿದ ಹುಬ್ಬು,
ಹೊಲಿಗೆ ಬಿಚ್ಚಿ ತೋರಿಸು ಅನ್ನುವ ಕಣ್ಣು.
ಲಾಲಬೀ ಎದೆಯ ಮೇಲೆ ಕೈ ಇಟ್ಟು
"ಯಾ ಅಲ್ಲಾ, ದಫೇದಾರ!" ಅಂದಳು.
ಹೆಸರು ಅಂಟಿತು.

ಬಳ್ಳಾರಿಯ ಏಪ್ರಿಲ್. ಮೈತುಂಬ ಬಿಚ್ಚಲಾಗದ ಸ್ವೆಟರು.
ನೀರಿನ ಹರವಿಯ ಕೆಳಗೆ, ಸೋರಿದ ತಂಪಿನಲ್ಲಿ
ಪಾಪ, ಅಗಲಕ್ಕೆ ಹರಡಿಕೊಂಡು ಬಿದ್ದಿರುತ್ತಿದ್ದ.
ಮುಖ ಮಾತ್ರ ಡ್ಯೂಟಿಯ ಮೇಲೆ.
ಹುಡುಗಿಯರು ಬುತ್ತಿ ಬೇಗ ಮುಚ್ಚುತ್ತಿದ್ದರು,
ಇಸ್ತ್ರಿಯ ಮಾರೆಪ್ಪ ನಮಸ್ಕಾರ ಹೊಡೆದು ಒಳಗೆ ಬರುತ್ತಿದ್ದ.

ಮೂರನೆಯ ದಿನ ಒಂದು ಇಲಿ
ಅವನ ಮೀಸೆಯ ಮುಂದೆಯೇ ಹಾದು ಬಂತು.
ದಫೇದಾರ ಎದ್ದ.
ನಮ್ಮ ಮಶೀನುಗಳೆಲ್ಲ ನಿಂತವು.
ಎದ್ದವನು ಸರಿದು ದಾರಿ ಬಿಟ್ಟ.
ಆಮೇಲೆ ಬಾಯಿ ತೆರೆದ. ಘರ್ಜನೆಯಲ್ಲ,
ಎಣ್ಣೆ ಕಾಣದ ಬಾಬಿನ್ನು ತಿರುಗಿದ ಹಾಗೆ
ಕಿರ್ರ್ ಅನ್ನುವ ಒಂದು ಎಳೆ ದನಿ.
ಅವತ್ತು ಎಷ್ಟು ನಕ್ಕೆವು ಅಂದರೆ
ನಾಲ್ಕು ಪ್ಯಾಂಟಿನ ಜೇಬು ಸೊಟ್ಟ.

ಕಣ್ಣಿಗೆ ಪಿಸುರು ಬಂದಾಗ ದನದ ಡಾಕ್ಟರು ಎರ್ರಿಸ್ವಾಮಿ ಬಂದರು.
"ಇವನಿಗೆ ಯಾಕ್ರೀ ಇಷ್ಟು ಸಿಟ್ಟು?" ಕೇಳಿದೆ.
ಹುಬ್ಬಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ ತೋರಿಸಿದರು:
"ಸಿಟ್ಟಲ್ಲಮ್ಮ, ಎಲುಬು. ಕಣ್ಣಿನ ಮೇಲೆ ಸೂರಿನಂಗ ಚಾಚೈತಿ.
ಮೂತಿ ಪೆಟ್ಟಿಗಿಯಂಗ ಚೌಕ, ತುಟಿಯ ಕೊನಿ ಮ್ಯಾಲೆ ತಿರುಗಂಗಿಲ್ಲ.
ಹಣಿ ಮ್ಯಾಲಿನ ಪಟ್ಟಿ ಬ್ಯಾರೆ, ಹುಬ್ಬು ಗಂಟಿಕ್ಕಿದಂಗ ಕಾಣತೈತಿ.
ಒಳಗ ಏನೈತಿ ಅಂತ
ಮುಖಕ್ಕ ಸುದ್ದಿ ಮುಟ್ಟಿಲ್ಲ, ಅಷ್ಟೆ."

ಮುಖಕ್ಕ ಸುದ್ದಿ ಮುಟ್ಟಿಲ್ಲ.
ಆ ಮಾತು ಸಂಜೆಯವರೆಗೆ
ನನ್ನ ಸೂಜಿಯ ಕೆಳಗೆ ಓಡುತ್ತಲೇ ಇತ್ತು.

ನಾನು ಹುಲಿಗೆಮ್ಮ. ಸಿರುಗುಪ್ಪದವರು ನೋಡಲು ಬಂದಾಗ
ಉಪ್ಪಿಟ್ಟು ಕೊಟ್ಟು ಎದುರು ಕೂತಿದ್ದೆ,
ಎದೆಯೊಳಗೆ ಹಗ್ಗ ಬಿಚ್ಚಿದ ಕರು.
ಹೋಗುವಾಗ ಹುಡುಗನ ಚಿಕ್ಕಮ್ಮ ಹೊಸ್ತಿಲಾಚೆ ಅಂದಳು:
"ಹುಡುಗಿ ಛಲೋ ಅದಾಳ, ಆದರ ಗಂಟುಮುಖ."
ಅಪ್ಪನದೇ ಹಣೆ ನನಗೆ. ಅವನು ಲಾರಿ ಕಾಂಟಾದ ಗುಮಾಸ್ತ,
ಅವನ ಮುಖ ಕಂಡರೆ ಡ್ರೈವರುಗಳು
ಕೇಳುವ ಮೊದಲೇ ಲೋಡಿನ ನಿಜ ಒಪ್ಪುತ್ತಿದ್ದರಂತೆ.
ಅದೇ ಅಪ್ಪ ಟೂರಿಂಗ್ ಟಾಕೀಸಿನಲ್ಲಿ
ಯಾರು ಸತ್ತರೂ ಟವೆಲ್ಲು ಒದ್ದೆ ಮಾಡುತ್ತಿದ್ದ.

ಭಾನುವಾರ ದಫೇದಾರನನ್ನು ತೊಡೆಯ ಮೇಲೆ ಹಾಕಿಕೊಂಡು
ಬಾಚಣಿಗೆ ಹಿಡಿದು ಕೂರುತ್ತೇನೆ.
ಕಂಕುಳಲ್ಲಿ ಗಂಟು, ಹೊಟ್ಟೆಯಡಿ ಗಂಟು,
ಬಾಲದ ಬುಡದಲ್ಲಿ ನೀಲಿ ದಾರ ಸೇರಿ ಬಿಗಿದ ಬ್ರಹ್ಮಗಂಟು.
ಒಂದೊಂದೇ ಬಿಡಿಸುತ್ತೇನೆ, ಎಳೆಯದೆ.
ಅವನು ಜಡ್ಜಿನಂತೆ ನನ್ನನ್ನೇ ನೋಡುತ್ತ
ಹಿಟ್ಟಿನ ಗಿರಣಿಯ ಹಾಗೆ ಗುರುಗುಡುತ್ತಾನೆ.
ಹಣೆಯ ಗಂಟಿಗೆ ಬಾಚಣಿಗೆ ಮುಟ್ಟಿಸುವುದಿಲ್ಲ.
ಅದು ಇರಲಿ.

ನಿನ್ನೆ ಹೊಸ ಹುಡುಗಿ ಬಂದಳು, ಕುರುಗೋಡಿನವಳು.
ಚಪ್ಪಲಿ ಬಿಟ್ಟವಳು ಬಾಗಿಲಲ್ಲೇ ನಿಂತಳು:
ದಾರದ ಪೆಟ್ಟಿಗೆಯ ಮೇಲೆ ಅವನು, ಪಕ್ಕದ ಮಶೀನಿನಲ್ಲಿ ನಾನು.
ಲಾಲಬೀಯ ಕಿವಿಯಲ್ಲಿ ಕೇಳಿದ್ದು ಶೆಡ್ಡಿಗೆಲ್ಲ ಕೇಳಿತು:
"ಅಕ್ಕಾ, ಇಬ್ಬರಾಗ ಕಚ್ಚೋದು ಯಾವುದು?"

ನಗಬೇಕು ಅಂದುಕೊಂಡೆ. ನಕ್ಕೆ ಅಂದುಕೊಂಡೆ.
ಹುಡುಗಿ ಇನ್ನೊಂದು ಹೆಜ್ಜೆ ಹಿಂದೆ ಸರಿದಳು.
ದಫೇದಾರನೇ ಇಳಿದ, ಮೈ ಮುರಿದ,
ಹೋಗಿ ಅವಳ ಚಪ್ಪಲಿಗಳ ಮೇಲೆ
ಉದ್ದಕ್ಕೆ ಮಲಗಿಬಿಟ್ಟ.